ಓದುಗರ ಪ್ರಶ್ನೆ: ‘ನಾನು’ ಸರಿಯಿದೆ, ತೊಡಕಿರುವುದು ಬಾಲದಲ್ಲಿ

ಪ್ರಶ್ನೆ: ರೋಸೆನ್‌ಬರ್ಗ್ ಸ್ವಾಭಿಮಾನ ಮಾಪನದ ಹತ್ತು ಹೇಳಿಕೆಗಳನ್ನು ಕನ್ನಡಕ್ಕೆ ತಂದು, ಒಂಬತ್ತನೇ ತರಗತಿಯ 40 ಮಕ್ಕಳಿಂದ ತುಂಬಿಸಿದೆ. ಆಲ್ಫಾ (ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ, 1ಕ್ಕೆ ಹತ್ತಿರವಿದ್ದಷ್ಟೂ ಹೊಂದಿಕೆ ಹೆಚ್ಚು) ಬರೀ 0.48 ಬಂತು. ವಿಯೆಟ್ನಾಂನ ಹದಿಹರೆಯದವರಿಗೂ ಇಂಥ ಮಾಪನಗಳನ್ನು ಒಗ್ಗಿಸಿದ್ದಾರಂತೆ. ಆ ದಾರಿ ನಮಗೆ ಹೊಂದುತ್ತದೆಯೇ?
– ಪ್ರೌಢಶಾಲಾ ಶಿಕ್ಷಕಿ, ಮದ್ದೂರು

ಉತ್ತರ: ಅನುವಾದವನ್ನು ದೂರುವ ಮೊದಲು ಅಂಕಗಳನ್ನು ನೋಡಿ. ಹತ್ತರಲ್ಲಿ ಐದು ಹೇಳಿಕೆ ಉಲ್ಟಾ, ಅಂದರೆ ಅವನ್ನು ಒಪ್ಪಿದರೆ ಸ್ವಾಭಿಮಾನ ಕಡಿಮೆ ಎಂದರ್ಥ. 1ರಿಂದ 4 ಅಂಕ ಕೊಟ್ಟಿದ್ದರೆ, ಆ ಐದರ ಅಂಕವನ್ನು 5ರಿಂದ ಕಳೆಯಬೇಕು. ಐದನ್ನೂ ಮರೆತರೆ ಆಲ್ಫಾ ಸಾಮಾನ್ಯವಾಗಿ ಸೊನ್ನೆಯ ಆಸುಪಾಸಿಗೆ ಬೀಳುತ್ತದೆ. 0.48 ಎಂದರೆ ಒಂದೆರಡು ತಪ್ಪಿರಬಹುದು, ಇಲ್ಲವೇ ವಾಕ್ಯಗಳೇ ಕೈಕೊಟ್ಟಿರಬಹುದು. ಪ್ರತಿ ಹೇಳಿಕೆಗೂ ಉಳಿದ ಒಂಬತ್ತರ ಮೊತ್ತಕ್ಕೂ ಸಹಸಂಬಂಧ ತೆಗೆಯಿರಿ, 0.3ಕ್ಕಿಂತ ಕೆಳಗಿರುವುದರ ಮೇಲೆ ಅನುಮಾನಪಡಿ.

ಎಂಟನೆಯದೇ ಸಿಕ್ಕಿಬಿದ್ದರೆ ಆಶ್ಚರ್ಯವಿಲ್ಲ. ‘ನನ್ನ ಬಗ್ಗೆ ನನಗೆ ಇನ್ನಷ್ಟು ಗೌರವ ಇದ್ದಿದ್ದರೆ ಚೆನ್ನಾಗಿತ್ತು’ ಎಂಬುದಕ್ಕೆ ಗಟ್ಟಿ ಮನಸ್ಸಿನ ಹುಡುಗಿಯೂ ‘ಹೌದು’ ಎನ್ನಬಹುದು. ಗೌರವ ಎಂದರೆ ಬೇರೆಯವರು ಕೊಡುವುದು ಎಂಬ ಅರ್ಥ ನಮ್ಮ ಕಿವಿಗೆ ಮೊದಲು ತಾಕುತ್ತದೆ. 2005ರಲ್ಲಿ ಪ್ರಕಟವಾದ 53 ದೇಶಗಳ ಅಧ್ಯಯನದಲ್ಲೂ ತಂಟೆ ಮಾಡಿದ್ದು ಇದೇ ಎಂಟನೇ ಹೇಳಿಕೆ.

ವಿಯೆಟ್ನಾಮೀಸ್‌ನಲ್ಲಿ ತೊಡಕು ವಾಕ್ಯದ ತಲೆಯಲ್ಲೇ ಇದೆ. ಅಲ್ಲಿನ ಹುಡುಗ ಮೇಷ್ಟ್ರ ಮುಂದೆ ತನ್ನನ್ನು ‘ಎಮ್’ ಎನ್ನುತ್ತಾನೆ, ಅಪ್ಪ-ಅಮ್ಮನ ಮುಂದೆ ‘ಕೋನ್’. ‘ತೋಯ್’ ಎಂದರೆ ದೊಡ್ಡವರ ಬಿಗುಮಾನದ ‘ನಾನು’. ಯಾವುದನ್ನು ಹಾಕಿದರೆ ಯಾರೆದುರು ಮಾತಾಡಿದಂತಾಗುತ್ತದೆ ಎಂದು ಅಲ್ಲಿ ತೂಗಬೇಕು. ನಮ್ಮ ‘ನಾನು’ ಎಲ್ಲ ಕಡೆಗೂ ಸಲ್ಲುತ್ತದೆ. ನಮಗೆ ಕಷ್ಟ ಬಾಲದಲ್ಲಿ: ತನಗೂ ಇತರರಷ್ಟು ಬೆಲೆಯಿದೆ ಎನ್ನುವ ಹೇಳಿಕೆಗೆ ‘ಬೆಲೆಯುಳ್ಳವನು’ ಎಂದರೆ ಅರ್ಧ ತರಗತಿ ಹೊರಗುಳಿಯಿತು, ‘ವನು/ವಳು’ ಎಂದು ಗೆರೆ ಎಳೆದರೆ ಅದು ಸರ್ಕಾರಿ ಅರ್ಜಿ. ‘ನಾನು ಯಾರಿಗೂ ಕಮ್ಮಿಯಿಲ್ಲ’ ಮಂಡ್ಯದ ಬಾಯಿಗೆ ಸಲೀಸು, ಆದರೆ ಅದರಲ್ಲಿ ಜಂಬವಿದೆ. ಮೇಲಾಗಿ ನೇರ ಹೇಳಿಕೆಗೆ ‘ಇಲ್ಲ’ ನುಸುಳುತ್ತದೆ. ‘ನನಗೂ ಇತರರಷ್ಟೇ ಬೆಲೆ ಇದೆ’ ಎಂಬುದನ್ನು ಪರೀಕ್ಷಿಸಿ ನೋಡಿ. ‘ನನ್ನಲ್ಲಿ ಹೆಮ್ಮೆಪಡುವಂಥದ್ದು ಹೆಚ್ಚೇನೂ ಇಲ್ಲ’ ಎಂಬುದಕ್ಕೆ ‘ಒಪ್ಪುವುದಿಲ್ಲ’ ಗುರುತು ಹಾಕಲು ಮಗು ಎರಡು ‘ಇಲ್ಲ’ಗಳನ್ನು ಬಿಡಿಸಬೇಕು. ‘ಕಡಿಮೆ’ ಎಂದು ಬದಲಿಸಿದರೆ ಒಂದು ಗಂಟು ಸಡಿಲ.

ಇಬ್ಬರು ಬೇರೆಬೇರೆಯಾಗಿ ಅನುವಾದಿಸಲಿ, ಕೂತು ಒಂದು ಪಠ್ಯಕ್ಕೆ ಬನ್ನಿ, ಮೂಲ ನೋಡದ ಮೂರನೆಯವರು ಅದನ್ನು ಇಂಗ್ಲಿಷಿಗೆ ತಿರುಗಿಸಲಿ. ಆಮೇಲೆ 8-10 ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ‘ಇದು ಏನು ಕೇಳ್ತಿದೆ, ನಿನ್ನ ಮಾತಲ್ಲಿ ಹೇಳು’ ಎನ್ನಿ. ಜನ ಅವಸರದಲ್ಲಿ ಬಿಡುವ ಹಂತ ಇದೇ. ಅಂಶ ವಿಶ್ಲೇಷಣೆಗೆ (ಯಾವ ಹೇಳಿಕೆಗಳು ಒಂದೇ ಗುಂಪಿಗೆ ಸೇರುತ್ತವೆ ಎಂದು ಲೆಕ್ಕದಿಂದ ನೋಡುವುದಕ್ಕೆ) 40 ಸಾಲದು, 300ರಷ್ಟು ಬೇಕು. ಹಾಳೆಯಲ್ಲಿ ಹೆಸರು ಬೇಡ, ಪೋಷಕರ ಒಪ್ಪಿಗೆ ಬೇಕು. ಟೀಚರಾಗಿ ನೀವೇ ಎದುರು ನಿಂತರೆ ಎಲ್ಲದಕ್ಕೂ ‘ಒಪ್ಪುತ್ತೇನೆ’ ಬರುವ ಸಾಧ್ಯತೆ ಹೆಚ್ಚು, ಬೇರೊಬ್ಬರು ಹಂಚಲಿ.

ಪ್ರಶ್ನೆ: ಈ ಮಾಪನದಲ್ಲಿ ಎಷ್ಟು ಅಂಕಕ್ಕಿಂತ ಕೆಳಗಿದ್ದರೆ ‘ಕೀಳರಿಮೆ’ ಎನ್ನಬಹುದು?
– ಎಂ.ಎಡ್. ವಿದ್ಯಾರ್ಥಿ, ಮೈಸೂರು

ಉತ್ತರ: ಹಾಗೆ ಗೆರೆ ಎಳೆಯಬೇಡಿ. ಇದು ರೋಗ ಪತ್ತೆಯ ಪರೀಕ್ಷೆಯಲ್ಲ. ಹೊರದೇಶದ ಮಕ್ಕಳ ಸರಾಸರಿಗೂ ಹೋಲಿಸಬೇಡಿ. ನಿಮ್ಮದೇ ಗುಂಪಿನೊಳಗೆ, ಒಂದೇ ಪಠ್ಯದಲ್ಲಿ ಹೋಲಿಸಿ.