ಕುಂಡದ ಮಾತು: ಒಳಮನೆಯ ಗಿಡ ಯಾಕೆ ಬೆಳೆಯುತ್ತಿಲ್ಲ?

ಪ್ರಶ್ನೆ: ಹಾಲ್‌ನಲ್ಲಿ ಸೋಫಾ ಪಕ್ಕ ಜೀಜೀ ಗಿಡ ಇಟ್ಟು ವರ್ಷವಾಯಿತು. ಒಂದೇ ಒಂದು ಹೊಸ ಕಡ್ಡಿ ಬಂದಿದೆ, ಅದೂ ಸಣಕಲು. ದಿನಾ ಒಂದು ಲೋಟ ನೀರು ಹಾಕುತ್ತೇನೆ, ತಿಂಗಳಿಗೊಮ್ಮೆ ಗೊಬ್ಬರವೂ ಉಂಟು. ಈಗ ಎಲೆ ಹಳದಿಯಾಗುತ್ತಿದೆ. ಏನು ಕಡಿಮೆಯಾಗಿದೆ?
— ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಕಡಿಮೆಯಾಗಿರುವುದು ಬೆಳಕು, ಹೆಚ್ಚಾಗಿರುವುದು ನೀರು. ಜೀಜೀ ಪೂರ್ವ ಆಫ್ರಿಕಾದ ಗಿಡ. ಮಳೆಯಿಲ್ಲದ ತಿಂಗಳುಗಳಿಗೆಂದು ಮಣ್ಣಿನೊಳಗೆ ಆಲೂಗಡ್ಡೆಯಂಥ ಗೆಡ್ಡೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ದಿನಾ ನೀರು ಬಿದ್ದರೆ ಮಣ್ಣಿನಲ್ಲಿ ಗಾಳಿಯೇ ಆಡುವುದಿಲ್ಲ, ಗೆಡ್ಡೆ ಕೊಳೆಯುತ್ತದೆ.

ಮೊದಲು ಗಿಡವನ್ನು ಕುಂಡದಿಂದ ತೆಗೆದು ಒಂದೊಂದೇ ಗೆಡ್ಡೆಯನ್ನು ಒತ್ತಿ ನೋಡಿ. ಗಟ್ಟಿಯಿದ್ದರೆ ಚೆನ್ನಾಗಿದೆ. ಬೆರಳು ಮೆತ್ತಗೆ ಒಳಗಿಳಿದು ಕಂದು ನೀರು ಒಸರಿದರೆ ಕೊಳೆತಿದೆ. ಕೊಳೆತ ಭಾಗವನ್ನು ಚೊಕ್ಕ ಚಾಕುವಿನಿಂದ ಬಿಳಿ ತಿರುಳು ಕಾಣುವವರೆಗೆ ಕತ್ತರಿಸಿ, ಎರಡು ದಿನ ನೆರಳಲ್ಲಿ ಆರಲು ಬಿಡಿ. ಇದರ ರಸ ತಾಗಿದರೆ ತುರಿಕೆಯಾಗಬಹುದು. ಕೈ ತೊಳೆಯಿರಿ, ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ.

ಮಣ್ಣಿಗೆ: ಕೆಂಪುಮಣ್ಣು ಎರಡು ಪಾಲು, ದಪ್ಪ ಮರಳು, ತೊಳೆದ ತೆಂಗಿನ ನಾರಿನ ಪುಡಿ, ಸುಟ್ಟ ಭತ್ತದ ಹೊಟ್ಟು ತಲಾ ಒಂದು ಪಾಲು. ನಿಮ್ಮೂರ ಸುತ್ತ ಅಕ್ಕಿ ಗಿರಣಿಗಳಿರುವುದರಿಂದ ಹೊಟ್ಟಿಗೆ ಬರವಿಲ್ಲ. ಆದರೆ ಕರಿ ಇದ್ದಿಲಿನಂತಿರುವುದನ್ನೇ ಆರಿಸಿ. ಬೂದಿಯಾದದ್ದು ಮಣ್ಣನ್ನು ಕ್ಷಾರವಾಗಿಸುತ್ತದೆ. ಎರೆಮಣ್ಣು ಮಾತ್ರ ಬೇಡವೇ ಬೇಡ. ಒದ್ದೆಯಾದಾಗ ಅಂಟಿಕೊಂಡು ಉಸಿರುಗಟ್ಟಿಸುತ್ತದೆ, ಒಣಗಿದಾಗ ಬಿರುಕು ಬಿಟ್ಟು, ಹಾಕಿದ ನೀರೆಲ್ಲ ಬದಿಯಿಂದ ಜಾರಿಹೋಗುತ್ತದೆ. ಕುಂಡ ಬೇರಿನ ಗಂಟಿಗಿಂತ ಎರಡು ಇಂಚು ಅಗಲವಿದ್ದರೆ ಸಾಕು. ತಳಕ್ಕೆ ಜಲ್ಲಿ ತುಂಬುವ ರೂಢಿ ಬಿಡಿ: ನೀರು ಜಲ್ಲಿಯ ಮೇಲಿನ ಮಣ್ಣಿನಲ್ಲೇ ನಿಂತು ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ತೂತು ತೆರೆದಿರಲಿ, ಅಷ್ಟೇ.

ಕುಂಡವನ್ನು ಪೂರ್ವದ ಕಿಟಕಿಯಿಂದ ಮೂರು ಅಡಿಯೊಳಗೆ ಇಡಿ. ಬೆಳಿಗ್ಗೆ ಹತ್ತರ ಹೊತ್ತಿಗೆ ಎಲೆಯ ಮೇಲೆ ಒಂದಡಿ ಎತ್ತರದಲ್ಲಿ ಅಂಗೈ ಹಿಡಿಯಿರಿ. ಮಸುಕಾಗಿಯಾದರೂ ಬೆರಳುಗಳ ನೆರಳು ಬಿದ್ದರೆ ಗಿಡ ಬೆಳೆಯುತ್ತದೆ. ಬೀಳದಿದ್ದರೆ ಬದುಕಿರುತ್ತದೆ, ಬೆಳೆಯುವುದಿಲ್ಲ. ಈ ಒಂದು ಪರೀಕ್ಷೆ ಮಾಡದೆ ಗೊಬ್ಬರದ ಡಬ್ಬಿ ಮುಟ್ಟಬೇಡಿ.

ಒಣ ಬಿದಿರು ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಪೂರ್ತಿ ಒಣಗಿದ್ದರೆ ಮಾತ್ರ, ತಳದಿಂದ ಸೋರುವಷ್ಟು ನೀರು ಕೊಡಿ. ಏಪ್ರಿಲ್-ಮೇ ಬಿಸಿಲಲ್ಲಿ ಸುಮಾರು 12–15 ದಿನಕ್ಕೊಮ್ಮೆ, ಮಳೆ-ಚಳಿಗಾಲದಲ್ಲಿ ಮೂರು ನಾಲ್ಕು ವಾರಕ್ಕೊಮ್ಮೆ ಆದೀತು. ಹೊಸ ಕಡ್ಡಿ ಮೂಡಿದ ಮೇಲೆ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಶ್ ಮೂರೂ ಸಮನಾಗಿರುವುದು) ಲೀಟರಿಗೆ ಒಂದು ಗ್ರಾಂ ಕರಗಿಸಿ ಎರಡು ತಿಂಗಳಿಗೊಮ್ಮೆ. ಒಳ್ಳೆಯ ಬೆಳಕಿದ್ದರೂ ವರ್ಷಕ್ಕೆ ಬರುವುದು ಕೆಲವೇ ಕಡ್ಡಿ, ಅದು ಅದರ ಸ್ವಭಾವ.

ಪ್ರಶ್ನೆ: ಡ್ರಸೀನಾ, ಲಕ್ಕಿ ಬಾಂಬೂ ಎರಡರ ಎಲೆತುದಿಯೂ ಕಂದಾಗಿ ಒಣಗುತ್ತಿದೆ. ಬೋರ್‌ವೆಲ್ ನೀರನ್ನು ರಾತ್ರಿಯೆಲ್ಲ ಬಕೆಟ್‌ನಲ್ಲಿಟ್ಟು ಹಾಕಿದರೂ ನಿಂತಿಲ್ಲ.
— ಓದುಗರು, ಚಳ್ಳಕೆರೆ

ಉತ್ತರ: ಲಕ್ಕಿ ಬಾಂಬೂ ಬಿದಿರಲ್ಲ, ಅದೂ ಡ್ರಸೀನಾ ಕುಲದ್ದೇ. ಫ್ಲೋರೈಡ್ ಕಂಡರೆ ಈ ಕುಲಕ್ಕೆ ಆಗುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಎಲೆ ಆವಿಯಾಗಿ ಬಿಡುವುದು ನೀರನ್ನಷ್ಟೇ; ಫ್ಲೋರೈಡ್ ತುದಿಯಲ್ಲೇ ಉಳಿದು ಅಲ್ಲಿಯ ಜೀವಕೋಶಗಳನ್ನು ಸುಡುತ್ತದೆ. ಬಕೆಟ್‌ನಲ್ಲಿಟ್ಟರೆ ಹೋಗುವುದು ಕ್ಲೋರಿನ್, ಫ್ಲೋರೈಡ್ ಅಲ್ಲ. ಕುದಿಸಿದರೆ ಇನ್ನೂ ಗಟ್ಟಿಯಾಗುತ್ತದೆ.

ಮಳೆನೀರು ಹಿಡಿದಿಡಿ, ಇಲ್ಲವೇ ಶುದ್ಧ ನೀರಿನ ಘಟಕದಿಂದ ತಂದ ಆರ್‌ಓ ನೀರು ಹಾಕಿ. ಒಮ್ಮೆ ಅದೇ ನೀರನ್ನು ಡ್ರಸೀನಾ ಕುಂಡದ ಮೂರರಷ್ಟು ನಿಧಾನವಾಗಿ ಸುರಿದು, ಮಣ್ಣಿನಲ್ಲಿ ಕೂತ ಲವಣ ತೊಳೆದುಹೋಗಲು ಬಿಡಿ. ಸೂಪರ್ ಫಾಸ್ಫೇಟ್ ಗೊಬ್ಬರ ಹಾಕಬೇಡಿ, ಅದರಲ್ಲೂ ಫ್ಲೋರೈಡ್ ಇರುತ್ತದೆ. ಒಣಗಿದ ತುದಿ ಮತ್ತೆ ಹಸಿರಾಗದು. ಕತ್ತರಿಸುವಾಗ ಕೂದಲೆಳೆಯಷ್ಟು ಕಂದು ಅಂಚು ಉಳಿಸಿ, ಹಸಿರಿಗೆ ಗಾಯ ಮಾಡಬೇಡಿ. ನೀರು ಬದಲಿಸಿದ್ದು ಫಲ ಕೊಟ್ಟಿತೇ ಎಂಬುದನ್ನು ಹೊಸ ಎಲೆಯನ್ನು ನೋಡಿ ಲೆಕ್ಕ ಹಾಕಿ.

ಪ್ರಶ್ನೆ: ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ಎಲೆ ತುಂಡು ನೆಟ್ಟೆ. ಬಂದ ಮರಿ ಬರೀ ಹಸಿರು. ಯಾಕೆ?
— ಓದುಗರು, ಹಿರಿಯೂರು

ಉತ್ತರ: ತುಂಡಿನಿಂದ ಮರಿ ಹುಟ್ಟುವಾಗ ಹಳದಿ ಅಂಚಿನ ಪದರ ಅದಕ್ಕೆ ಸೇರುವುದಿಲ್ಲ. ಅಂಚು ಬೇಕಿದ್ದರೆ ತಾಯಿಗಿಡದ ಗೆಡ್ಡೆಯನ್ನೇ ಬೇರು ಸಮೇತ ಸೀಳಿ ನೆಡಿ. ಈಗ ಬಂದಿರುವ ಹಸಿರು ಮರಿಯೂ ಗಟ್ಟಿಮುಟ್ಟು, ಎಸೆಯಬೇಡಿ.