38ರಲ್ಲಿ ಎಚ್‌ಪಿವಿ ಲಸಿಕೆ ತಗೊಂಡರೆ ಉಪಯೋಗ ಇದೆಯಾ?

ಪ್ರಶ್ನೆ: ನನಗೆ 38 ವರ್ಷ. ಊರು ಕುಂದಾಪುರ, ಇರುವುದು ಡೊಂಬಿವಲಿಯಲ್ಲಿ. 12 ವರ್ಷದ ಮಗಳಿಗೆ ಎಚ್‌ಪಿವಿ ಲಸಿಕೆ ಕೇಳಲು ಹೋದಾಗ ಡಾಕ್ಟರು, ‘45ರವರೆಗೂ ಕೊಡಬಹುದು, ನೀವೂ ತಗೊಳ್ಳಿ’ ಅಂದರು. ಎರಡು ಮಕ್ಕಳಾದ ಮೇಲೆ ಇದೆಲ್ಲ ಯಾಕೆ ಅಂತ ಅತ್ತೆ ಕೇಳುತ್ತಾರೆ. ಖರ್ಚೂ ಜಾಸ್ತಿ. ಏನು ಮಾಡಲಿ?

ಸ್ತ್ರೀರೋಗ ತಜ್ಞೆಯ ಉತ್ತರ: ಉಪಯೋಗ ಇದೆ. ಆದರೆ ಮಗಳಿಗೆ ಆಗುವಷ್ಟು ನಿಮಗೆ ಆಗುವುದಿಲ್ಲ.

ಎಚ್‌ಪಿವಿ ಅಂದರೆ ಗರ್ಭಕೊರಳಿನ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರಿಗೆ ಕಾರಣವಾಗುವ ವೈರಸ್. ಇದು ಹರಡುವುದು ಲೈಂಗಿಕ ಸಂಪರ್ಕದಿಂದ. ಅದು ತಗಲುವ ಮೊದಲೇ ಹಾಕಿಸಿದರೆ ಲಸಿಕೆಯ ಪೂರ್ತಿ ಲಾಭ. ನಿಮ್ಮ ವಯಸ್ಸಿಗೆ ಒಂದೆರಡು ಬಗೆಯ ಎಚ್‌ಪಿವಿ ಬಂದು ಹೋಗಿರಬಹುದು. ಹೆದರಬೇಡಿ, ಹೆಚ್ಚಿನವು ಒಂದೆರಡು ವರ್ಷದಲ್ಲಿ ತಾವಾಗಿಯೇ ಹೋಗುತ್ತವೆ. ಒಳಗೆ ಉಳಿದುಕೊಂಡ ಸೋಂಕನ್ನು ಮಾತ್ರ ಲಸಿಕೆ ತೆಗೆಯಲಾರದು. ಇನ್ನೂ ತಗಲದ ಬಗೆಗಳನ್ನು ಅದು ತಡೆಯುತ್ತದೆ.

24ರಿಂದ 45 ವಯಸ್ಸಿನ 3,800ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ, ಲಸಿಕೆ ತಡೆಯುವ ಬಗೆಯ ವೈರಸ್ ಮೊದಲು ಇಲ್ಲದವರಿಗೆ ಸುಮಾರು 89% ರಕ್ಷಣೆ ಸಿಕ್ಕಿತು. ಮೊದಲೇ ಸೋಂಕು ಇದ್ದವರನ್ನೂ ಸೇರಿಸಿದರೆ ಅದು 47%ಗೆ ಇಳಿಯಿತು. ಅಮೆರಿಕದಲ್ಲಿ 2018ರಲ್ಲಿ 45ರವರೆಗೆ ಅನುಮತಿ ಸಿಕ್ಕರೂ, 27 ದಾಟಿದ ಎಲ್ಲರೂ ಹಾಕಿಸಿಕೊಳ್ಳಲೇಬೇಕು ಅಂತ ಅಲ್ಲಿನ ತಜ್ಞರ ಸಮಿತಿ ಹೇಳಲಿಲ್ಲ. ಡಾಕ್ಟರ ಜೊತೆ ಮಾತಾಡಿ ನಿರ್ಧರಿಸಿ ಅಂದಿತು.

ದೊಡ್ಡವರೂ ಹಾಕಿಸಿಕೊಂಡರೆ ವೈರಸ್ ಹರಡುವ ದಾರಿ ಕಡಿಮೆಯಾಗುತ್ತದೆ, ನಿಜ. ಆದರೂ ಸರ್ಕಾರದ ದುಡ್ಡು ಮೊದಲು 9ರಿಂದ 14ರ ಹುಡುಗಿಯರಿಗೇ ಹೋಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮನೆಯಲ್ಲೂ ಅದೇ ಲೆಕ್ಕ. ಮೊದಲು ಮಗಳಿಗೆ ಹಾಕಿಸಿ. 15 ತುಂಬುವ ಮೊದಲು ಶುರುಮಾಡಿದರೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್ ಸಾಕು.

ನಿಮಗೆ ಲಸಿಕೆಗಿಂತ ಮುಖ್ಯವಾದದ್ದು ಗರ್ಭಕೊರಳಿನ ತಪಾಸಣೆ. ಅದನ್ನು ನೀವು ಕೇಳಲೇ ಇಲ್ಲ ಅಲ್ವಾ? ನಮ್ಮ ಮುಂಬೈಯ ಕೊಳೆಗೇರಿಗಳಲ್ಲೇ ಟಾಟಾ ಸ್ಮಾರಕ ಆಸ್ಪತ್ರೆಯವರು ಸುಮಾರು 1,50,000 ಹೆಂಗಸರನ್ನು ಸೇರಿಸಿಕೊಂಡು ಅಧ್ಯಯನ ಮಾಡಿದರು. ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತೆಯರು ಗರ್ಭಕೊರಳಿಗೆ ಹತ್ತಿಯಲ್ಲಿ ವಿನೆಗರ್‌ನಂಥ ದ್ರಾವಣ ಹಚ್ಚಿ ಒಂದು ನಿಮಿಷ ಕಾಯುತ್ತಿದ್ದರು. ಕೆಟ್ಟ ಜಾಗ ಇದ್ದರೆ ಬೆಳ್ಳಗೆ ಎದ್ದು ಕಾಣುತ್ತದೆ. ದೊಡ್ಡ ಮಿಷನ್ ಇಲ್ಲ, ಲ್ಯಾಬ್ ಇಲ್ಲ. ಇಷ್ಟರಿಂದಲೇ ಗರ್ಭಕೊರಳಿನ ಕ್ಯಾನ್ಸರಿನ ಸಾವು 31% ಇಳಿಯಿತು. ಈಗ ಎಚ್‌ಪಿವಿ ಟೆಸ್ಟ್ ಇದೆ, ಇನ್ನೂ ಒಳ್ಳೆಯದು. ಸಣ್ಣ ಬ್ರಶ್ಶಿನಲ್ಲಿ ಸ್ಯಾಂಪಲ್ ತೆಗೆಯುತ್ತಾರೆ, ಸ್ವಲ್ಪ ಕಿರಿಕಿರಿ, ಅಷ್ಟೇ. ನೆಗೆಟಿವ್ ಬಂದರೆ ಮತ್ತೆ ಐದು ವರ್ಷಕ್ಕೆ.

ಇದನ್ನು ಮಾಡಿಸಿದ ಮೇಲೂ ಕೈಯಲ್ಲಿ ದುಡ್ಡಿದ್ದರೆ ಲಸಿಕೆ ತಗೊಳ್ಳಿ. ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್‌ಗೆ ಅನುಮತಿ ಇರುವುದು 26ರವರೆಗೆ. ನಿಮಗೆ ಕೊಡುವುದು ಗಾರ್ಡಸಿಲ್ ಲಸಿಕೆ. ಮೊದಲ ಡೋಸ್ ಆದ ಎರಡು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಬಸುರಿಯಾಗಿದ್ದರೆ ಬೇಡ. ಹಾಕಿಸಿಕೊಂಡ ಮೇಲೂ ತಪಾಸಣೆ ಬಿಡುವ ಹಾಗಿಲ್ಲ.

ಅತ್ತೆಯವರಿಗೆ 65 ದಾಟಿಲ್ಲವಾದರೆ ಟೆಸ್ಟಿಗೆ ಅವರನ್ನೂ ಕರೆದುಕೊಂಡು ಹೋಗಿ.