ಕ್ಯಾಮೆರಾ ಆಫ್ ಮಾಡಿಕೊಂಡೇ ಮಾತಾಡುತ್ತಿದ್ದ ಹುಡುಗಿ

ಮೊದಲ ಎರಡು ಕೌನ್ಸೆಲಿಂಗ್ ಸೆಷನ್‌ಗಳಲ್ಲಿ ನಾನು ಪೂರ್ತಿ ದಾರಿ ತಪ್ಪಿದ್ದೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಈ ಹುಡುಗಿಯನ್ನು ಶ್ರೇಯಾ ಅಂತ ಕರೆಯೋಣ. ಹೆಸರು, ವಯಸ್ಸು, ಓದುವ ವಿಷಯ ಬದಲಿಸಿದ್ದೇನೆ, ದೇಶ ಯಾವುದು ಅಂತ ಹೇಳುವುದಿಲ್ಲ. ಬರೆಯಲು ಆಕೆಯ ಒಪ್ಪಿಗೆ ಇದೆ. ಸ್ನಾತಕೋತ್ತರ ಓದಿಗೆ ವಿದೇಶಕ್ಕೆ ಹೋಗಿ ಐದು ತಿಂಗಳಾಗಿತ್ತು. ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತಿದ್ದೆವು, ಆದರೆ ಆಕೆಯ ಕಡೆ ಕ್ಯಾಮೆರಾ ಆಫ್. ನೆಟ್ ಸರಿಯಿಲ್ಲ ಮೇಡಂ ಅಂದಳು, ನಾನು ನಂಬಿದೆ. ಕ್ಲಾಸಿಗೆ ಹೋಗುತ್ತಿಲ್ಲ, ಸೆಮಿನಾರ್ ಎರಡು ಸಲ ಮುಂದೂಡಿದ್ದಾಳೆ, ನಿದ್ದೆ ಕಡಿಮೆ. ಮನೆ ನೆನಪು, ಒಂಟಿತನ, ಓದಿನ ಒತ್ತಡ ಅಂತ ನಾನೇ ಲೆಕ್ಕ ಹಾಕಿಕೊಂಡು ಅದರ ಸುತ್ತಲೇ ಪ್ರಶ್ನೆ ಕೇಳುತ್ತಿದ್ದೆ. ಮಧ್ಯದಲ್ಲಿ ಒಮ್ಮೆ "ಇಲ್ಲಿ ಪಾರ್ಲರ್ ತುಂಬಾ ದುಬಾರಿ" ಅಂದಿದ್ದಳು. ನಾನು ಹ್ಞೂಂ ಅಂದು ಮುಂದಕ್ಕೆ ಹೋಗಿದ್ದೆ.

ಮೂರನೇ ಸಲ ಆಕೆಯೇ ಕೇಳಿದಳು: "ಮೇಡಂ, ಗಲ್ಲದ ಮೇಲೆ ಕೂದಲು ಅಂದರೆ ನಿಮಗೂ ನಗು ಬರುತ್ತೆ ಅಲ್ವಾ?"

ಆಮೇಲೆ ಎಲ್ಲ ಹೊರಗೆ ಬಂತು. ಹದಿನಾರನೇ ವಯಸ್ಸಿನಿಂದ ಗಲ್ಲ ಮತ್ತು ಮೇಲ್ತುಟಿಯ ಮೇಲೆ ದಪ್ಪ ಕೂದಲು. ಮೊದಲು ಎರಡು ವಾರಕ್ಕೊಮ್ಮೆ ಒಬ್ಬರೇ ಪಾರ್ಲರಿನವರ ಹತ್ತಿರ ಥ್ರೆಡ್ಡಿಂಗ್. ಅವರು ಏನೂ ಕೇಳುತ್ತಿರಲಿಲ್ಲ, ಈಕೆ ಏನೂ ಹೇಳಬೇಕಾಗಿರಲಿಲ್ಲ. ಹೊಸ ದೇಶದಲ್ಲಿ ಆ ಖರ್ಚು ತಿಂಗಳ ಬಜೆಟ್ಟಿಗೆ ಹೊರೆ. ಅದಕ್ಕಿಂತ ಹೆಚ್ಚಾಗಿ, ಗೊತ್ತಿಲ್ಲದವರ ಮುಂದೆ ಹೋಗಿ ಗಲ್ಲ ತೋರಿಸಿ ಬೇರೆ ಭಾಷೆಯಲ್ಲಿ ವಿವರಿಸಬೇಕು. ರೇಜರ್ ಹಿಡಿಯಲು ಹೆದರಿಕೆ, ಯಾಕೆಂದರೆ ಬ್ಲೇಡ್ ಮುಟ್ಟಿಸಿದರೆ ಗಂಡಸರ ಹಾಗೆ ಗಡ್ಡ ಬರುತ್ತೆ ಅಂತ ಅಮ್ಮ ಹೇಳಿದ್ದರು. ಹಾಗಾಗಿ ರೂಮ್‌ಮೇಟ್ ಏಳುವ ಮೊದಲೇ, ಬೆಳಗ್ಗೆ ಐದಕ್ಕೆ, ಬಾತ್‌ರೂಮ್ ಬಾಗಿಲು ಹಾಕಿಕೊಂಡು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕನ್ನಡಿ ಮುಂದೆ ಚಿಮುಟದಿಂದ ಒಂದೊಂದೇ ಕೂದಲು ಕೀಳುವುದು. ಒಂದು ಗಂಟೆ, ಕೆಲವು ದಿನ ಒಂದೂವರೆ. ಸೆಮಿನಾರಿಗೆ ನಾಲ್ಕು ದಿನ ಇರುವಾಗ ಕಾಲಿಗೆ ಹಚ್ಚುವ ಹೇರ್ ರಿಮೂವಲ್ ಕ್ರೀಮನ್ನು ಮುಖಕ್ಕೆ ಹಚ್ಚಿ, ಕೂದಲು ದಪ್ಪ ಇದೆಯಲ್ಲ ಅಂತ, ಪ್ಯಾಕೆಟ್ ಮೇಲೆ ಬರೆದಿದ್ದಕ್ಕಿಂತ ಜಾಸ್ತಿ ಹೊತ್ತು ಬಿಟ್ಟಿದ್ದಳು. ಗಲ್ಲ ಸುಟ್ಟು ಕೆಂಪಾಯಿತು. ಕ್ಯಾಮೆರಾ ಆಫ್ ಆಗಿದ್ದು ಅವತ್ತಿನಿಂದ.

ಇಂಥದ್ದನ್ನು ಕೇಳಿದಾಗ "ಅಂದ ಒಳಗಿರುತ್ತೆ, ನಿನ್ನನ್ನು ನೀನು ಪ್ರೀತಿಸು" ಅನ್ನುವ ಸಲಹೆಗಾರರಿದ್ದಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಗಲ್ಲ ಉರಿಯುತ್ತಿರುವವಳಿಗೆ ಅದರಿಂದ ಏನು ಉಪಯೋಗ? ಮೊದಲು ಉರಿ ಆರಬೇಕು.

ಆ ಕ್ರೀಮ್‌ಗಳಲ್ಲಿ ಸಾಮಾನ್ಯವಾಗಿ ಥಯೋಗ್ಲೈಕೋಲೇಟ್ ಅನ್ನುವ ರಾಸಾಯನಿಕ ಇರುತ್ತದೆ, ಅದು ಕೂದಲಿನ ಕೆರಾಟಿನ್ ಅನ್ನುವ ಪ್ರೋಟೀನನ್ನು ಕರಗಿಸುತ್ತದೆ. ಚರ್ಮದ ಮೇಲ್ಪದರದಲ್ಲಿರುವುದೂ ಕೆರಾಟಿನ್ನೇ, ಹೊತ್ತು ಜಾಸ್ತಿಯಾದರೆ ಅದಕ್ಕೆ ಕೂದಲು ಯಾವುದು ಚರ್ಮ ಯಾವುದು ಅಂತ ಗೊತ್ತಾಗುವುದಿಲ್ಲ. ಗುಳ್ಳೆ ಅಥವಾ ಕೀವು ಇದ್ದರೆ ಇವತ್ತೇ ಡಾಕ್ಟರ್ ಹತ್ತಿರ ಹೋಗಬೇಕು ಅಂದೆ. ಇರಲಿಲ್ಲ. ಹಾಗಾದರೆ ಎರಡು ವಾರ ಚಿಮುಟ, ಸ್ಕ್ರಬ್, ಘಮ್ಮೆನ್ನುವ ಫೇಸ್‌ವಾಶ್ ಎಲ್ಲ ಬಂದ್. ಬರೀ ನೀರು, ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ, ಹೊರಗೆ ಹೋದರೆ ಬಿಸಿಲಿಗೆ ಮರೆ. ಕೆಂಪು ಆರಿದ ಮೇಲೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್. ಕಂದು ಚರ್ಮದಲ್ಲಿ ಗಾಯ ವಾಸಿಯಾದರೂ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ, ಬಿಸಿಲು ಬಿದ್ದರೆ ಇನ್ನೂ ಕಪ್ಪಾಗುತ್ತದೆ.

ರೇಜರ್ ವಿಷಯಕ್ಕೆ ಅಮ್ಮನ ಮಾತನ್ನು ತೆಗೆದುಹಾಕುವುದು ಸುಲಭವಲ್ಲ. ಅದಕ್ಕೇ ಹಳೇ ಪುರಾವೆ ಕೊಟ್ಟೆ. 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಎಂಬ ಅಂಗರಚನಾ ತಜ್ಞೆ ಇದನ್ನು ಅಳೆದು ನೋಡಿ, ಶೇವ್ ಮಾಡಿದರೆ ಕೂದಲು ದಪ್ಪವೂ ಆಗುವುದಿಲ್ಲ, ಬೇಗ ಬೆಳೆಯುವುದೂ ಇಲ್ಲ ಅಂತ ಬರೆದಿದ್ದರು. ಬ್ಲೇಡ್ ಕೂದಲನ್ನು ಮೇಲೆ ಕತ್ತರಿಸುತ್ತದೆ, ಬೇರು ಚರ್ಮದ ಒಳಗಿದೆ. ತಾನಾಗಿ ಬೆಳೆದ ಕೂದಲಿನ ತುದಿ ಮೊನೆಯಾಗಿರುತ್ತದೆ, ಕತ್ತರಿಸಿದ್ದು ಮೊಂಡಾಗಿರುತ್ತದೆ, ಅದಕ್ಕೆ ಕೈಗೆ ಚುಚ್ಚುತ್ತದೆ ಅಷ್ಟೇ. ಚರ್ಮ ವಾಸಿಯಾದ ಮೇಲೆ ಮುಖಕ್ಕೆಂದೇ ಸಿಗುವ ಚಿಕ್ಕ ರೇಜರ್ ತಗೊಳ್ಳಿ, ಮುಖ ಒದ್ದೆ ಮಾಡಿ ಜೆಲ್ ಹಚ್ಚಿ, ಕೂದಲು ಬೆಳೆದ ದಿಕ್ಕಿಗೇ ಎಳೆಯಿರಿ, ಯಾರ ಜೊತೆಯೂ ಹಂಚಿಕೊಳ್ಳಬೇಡಿ. ಐದು ನಿಮಿಷದ ಕೆಲಸ. ಒಂದೂವರೆ ಗಂಟೆ ಎಲ್ಲಿ, ಐದು ನಿಮಿಷ ಎಲ್ಲಿ!

ಇಷ್ಟಾದ ಮೇಲೆ, ನಾನು ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ. ಮುಟ್ಟು ಸರಿಯಾಗಿ ಬರುತ್ತಾ? 50 ದಿನ, ಒಮ್ಮೊಮ್ಮೆ 60. ಅದಕ್ಕೂ ಗಲ್ಲದ ಕೂದಲಿಗೂ ಸಂಬಂಧ ಇರಬಹುದು ಅಂತ ಆಕೆಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. 35 ದಿನ ದಾಟಿ ಬರುವ ಮುಟ್ಟು, ಜೊತೆಗೆ ಗಲ್ಲದ ಮೇಲೆ ದಪ್ಪ ಕೂದಲು ಅಂದರೆ ಪಿಸಿಒಎಸ್ (ಹಾರ್ಮೋನುಗಳ ಏರುಪೇರಿನಿಂದ ಅಂಡಾಶಯದ ಕೆಲಸ ತಪ್ಪುವುದು) ಇದೆಯಾ ಅಂತ ನೋಡಿಸಲೇಬೇಕು. ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇರುವ ತೊಂದರೆ ಇದು. ರೋಗ ಹೇಳುವುದು ನನ್ನ ಕೆಲಸ ಅಲ್ಲ. ಯೂನಿವರ್ಸಿಟಿಯ ಹೆಲ್ತ್ ಸೆಂಟರಿಗೆ ಕಳಿಸಿದೆ.

ಅಲ್ಲಿ ಏನು ಹೇಳುವುದು ಅಂತ ಇಬ್ಬರೂ ಕೂತು ಬರೆದೆವು, ಯಾಕೆಂದರೆ ಆಕೆ "ಬ್ಯೂಟಿ ಪ್ರಾಬ್ಲಮ್" ಅಂತ ಶುರುಮಾಡುವುದರಲ್ಲಿದ್ದಳು. ಹಾಗೆ ಶುರುಮಾಡಿದರೆ ಎದುರಿನವರು ಹಗುರವಾಗಿ ತಗೊಳ್ಳಬಹುದು. ಯಾವ ವಯಸ್ಸಿಂದ, ಎಲ್ಲೆಲ್ಲಿ ಕೂದಲು, ಮುಟ್ಟಿನ ಅಂತರ ಎಷ್ಟು, ಮನೆಯಲ್ಲಿ ಬೇರೆ ಯಾರಿಗಿದೆ. ನಾಲ್ಕು ಸಾಲು, ಫೋನಿನಲ್ಲಿ. ಕೂದಲು ತೆಗೆದಿದ್ದರೆ ಅದನ್ನೂ ಹೇಳಲೇಬೇಕು. ಫೆರಿಮನ್-ಗ್ಯಾಲ್ವೆ ಅಂತ ದೇಹದ 9 ಜಾಗದಲ್ಲಿ ಕೂದಲು ಎಷ್ಟಿದೆ ನೋಡಿ ಅಂಕ ಕೊಡುವ ಪದ್ಧತಿ ಇದೆ, ಕಿತ್ತುಕೊಂಡು ನೀಟಾಗಿ ಹೋಗಿ ಕೂತರೆ ಅಂಕ ಕಡಿಮೆ ಬರುತ್ತದೆ.

ಪಿಸಿಒಎಸ್ಸೇ ಆಗಿತ್ತು. ಮಾತ್ರೆ ಶುರುವಾಯಿತು, ಕೂದಲಿನಲ್ಲಿ ವ್ಯತ್ಯಾಸ ಕಾಣಲು ಆರು ತಿಂಗಳಾದರೂ ಬೇಕು ಅಂತ ಡಾಕ್ಟರ್ ಹೇಳಿ ಕಳಿಸಿದರು. ಆಕೆಗೆ ತಕ್ಷಣ ಲೇಸರ್ ಮಾಡಿಸುವ ಆತುರ. ನಾನು ತಡೆದೆ. ಲೇಸರ್ ಬೆಳಕು ಹುಡುಕುವುದು ಕಪ್ಪು ಬಣ್ಣವನ್ನು. ಚರ್ಮವೂ ಕಂದಾಗಿದ್ದರೆ ತಪ್ಪು ಯಂತ್ರದಿಂದ ಸುಡುವ ಅಪಾಯ ಇದೆ, ಕಂದು ಚರ್ಮಕ್ಕೆ 1064 ನ್ಯಾನೊಮೀಟರ್ ತರಂಗಾಂತರದ ಎನ್‌ಡಿ-ಯಾಗ್ ಅನ್ನುವ ಬಗೆಯ ಲೇಸರ್ ಹೆಚ್ಚು ಸುರಕ್ಷಿತ. ಒಂದು ಸಲಕ್ಕೆ ಮುಗಿಯುವುದೂ ಇಲ್ಲ. ಇನ್ಶೂರೆನ್ಸ್‌ನವರು ಇದನ್ನು ಸಾಮಾನ್ಯವಾಗಿ ಸೌಂದರ್ಯದ ಖರ್ಚು ಅಂತ ಹೊರಗಿಡುತ್ತಾರೆ. ಮಾತ್ರೆ ಕೆಲಸ ಶುರುಮಾಡಲಿ, ಆಮೇಲೆ ಚರ್ಮದ ಡಾಕ್ಟರನ್ನು ಕೇಳಿ ನಿರ್ಧರಿಸೋಣ ಅಂದೆ. ಮನೆಯಲ್ಲೇ ಬಳಸುವ, ಬೆಳಕು ಮಿನುಗಿಸಿ ಕೂದಲು ಕಡಿಮೆ ಮಾಡುವ ಐಪಿಎಲ್ ಯಂತ್ರವನ್ನು ಆಗಲೇ ಆನ್‌ಲೈನ್ ಬುಟ್ಟಿಗೆ ಹಾಕಿಟ್ಟಿದ್ದಳು. ಡಬ್ಬದ ಮೇಲಿನ ಚರ್ಮದ ಬಣ್ಣದ ಪಟ್ಟಿ ನೋಡಿ ಅಂದೆ. ಆಕೆಯ ಬಣ್ಣದ ಮುಂದೆ ಇಂಟು ಗುರುತು ಇತ್ತು.

ನನ್ನ ನಿಜವಾದ ಕೆಲಸ ಇದ್ದಿದ್ದು ಕನ್ನಡಿಯಲ್ಲಿ. ಹತ್ತು ಪಟ್ಟಿನ ಕನ್ನಡಿಯಲ್ಲಿ ಯಾರ ಗಲ್ಲವಾದರೂ ಕಾಡಿನ ಹಾಗೆ ಕಾಣುತ್ತದೆ, ನನ್ನದೂ. ಅದನ್ನು ಸೂಟ್‌ಕೇಸಿನಲ್ಲಿಟ್ಟು ಬೀಗ ಹಾಕಿಸಿದೆ. ಗೋಡೆಯ ಕನ್ನಡಿಯಲ್ಲಿ ಬೆಳಗ್ಗೆ ಒಮ್ಮೆ, ಒಂದು ಕೈ ದೂರದಿಂದ, ಅಷ್ಟೇ. ಹಗಲು ಹೊತ್ತು ಬೆರಳು ಎಷ್ಟು ಸಲ ಗಲ್ಲಕ್ಕೆ ಹೋಗುತ್ತದೆ ಎಣಿಸಿ ಅಂದೆ. ಮೊದಲ ದಿನ ನಲವತ್ತು ದಾಟಿತ್ತು, ಎಣಿಸುವುದೇ ಬೇಜಾರಾಗಿ ತಾನೇ ಕಡಿಮೆಯಾಯಿತು. ಆನ್‌ಲೈನ್ ಕ್ಲಾಸಿನಲ್ಲಿ ಕ್ಯಾಮೆರಾ ಆನ್, ಆದರೆ ತನ್ನ ಮುಖ ತನಗೆ ಕಾಣದ ಹಾಗೆ ಸೆಲ್ಫ್ ವ್ಯೂ ಮರೆಮಾಡುವುದು. ಈ ಸೌಲಭ್ಯ ಇದೆ ಅಂತಲೇ ಆಕೆಗೆ ಗೊತ್ತಿರಲಿಲ್ಲ.

ರೂಮ್‌ಮೇಟ್ ಹತ್ತಿರ ಹೇಳಿಕೊಳ್ಳಿ ಅಂತ ಒಮ್ಮೆ ಸೂಚಿಸಿದೆ. ಬೇಡವೇ ಬೇಡ ಅಂದಳು. ಸರಿ ಬಿಡಿ ಅಂದೆ. ಎಲ್ಲರಿಗೂ ಎಲ್ಲವನ್ನೂ ಹೇಳಲೇಬೇಕು ಅಂತ ಏನಿಲ್ಲ.

ಎರಡು ಸಲ ಮುಂದೂಡಿದ್ದ ಸೆಮಿನಾರ್, ಮೂರನೇ ಸಲ ಗೊತ್ತುಮಾಡಿದ ದಿನ ನಡೆಯಿತು. ಗಲ್ಲದ ಮೇಲೆ ಇನ್ನೂ ಕಂದು ಕಲೆ ಇತ್ತು. ಯಾರು ಯಾರು ಗಲ್ಲ ನೋಡುತ್ತಾರೆ ಅಂತ ಲೆಕ್ಕ ಇಡಲು ಹೇಳಿದ್ದೆ. ಒಬ್ಬರು ನೋಡಿದರಂತೆ. ಆಮೇಲೆ ಅವರು ಹತ್ತಿರ ಬಂದು ಕೇಳಿದ್ದು ಮಾತ್ರ ಏಳನೇ ಸ್ಲೈಡಿನ ಗ್ರಾಫ್ ಬಗ್ಗೆ.

ಈಗ ರಜೆಗೆ ಮನೆಗೆ ಹೊರಟಿದ್ದಾಳೆ. ಹೋದ ವಾರದ ಸೆಷನ್‌ನಲ್ಲಿ, ಕ್ಯಾಮೆರಾ ಆನ್ ಇತ್ತು, ಮೊದಲ ಪ್ರಶ್ನೆಯೇ ರೇಜರ್ ಕೈಬ್ಯಾಗಿನಲ್ಲಿ ಬಿಡುತ್ತಾರಾ ಅಂತ. ಬಿಡಿ ಬ್ಲೇಡ್ ಬಿಡುವುದಿಲ್ಲ, ಉಳಿದಿದ್ದರ ನಿಯಮ ಒಂದೊಂದು ಕಡೆ ಒಂದೊಂದು ಥರ, ಸುಮ್ನೆ ಚೆಕ್-ಇನ್ ಬ್ಯಾಗಿಗೆ ಹಾಕಿಬಿಡಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬ್ಯಾಗ್ ಬಿಚ್ಚೋದು ಅಮ್ಮನೇ ಮೇಡಂ" ಅಂದಳು. ಅದನ್ನು ಈ ವಾರ ಮಾತಾಡಬೇಕು.